ರಾಗಿ ಹಿಟ್ಟಿನ ಡಬ್ಬದ ಹಿಂದೆ

ಮದುವೆಯಾಗಿ ಬಿಳಿಗೆರೆಗೆ ಬಂದ ಮೇಲೆ ಶ್ವೇತ ಮಾಡಿದ ಕಳ್ಳತನ ಅದೊಂದೇ. ಕದ್ದದ್ದು ವಾರಗಿತ್ತಿಯ ಮಾತನ್ನು.

ನಂಜನಗೂಡಿನಲ್ಲಿ ಬೇರೆ ಮನೆ ಮಾಡುವ ಆಸೆ ಇದ್ದದ್ದು ಹಿರಿಸೊಸೆ ಮಂಗಳಗೌರಿಗೆ. ಅತ್ತೆ ಮಹದೇವಮ್ಮನ ಕಿವಿಗೆ ಬೀಳುವ ಹೊತ್ತಿಗೆ ಅದು ಕಿರಿಸೊಸೆ ಶ್ವೇತಳ ಆಸೆಯಾಗಿತ್ತು. ಅಂದಿನಿಂದ ಅತ್ತೆ ಅವಳ ಕೈಯ ಕಾಫಿ ಮುಟ್ಟುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಮುಟ್ಟದೆ ಬಿಟ್ಟ ಲೋಟಕ್ಕೆ ಏನು ಹೇಳುವುದು? ತಟ್ಟೆ ಮುಚ್ಚಿ ಒಲೆಯ ಪಕ್ಕದಲ್ಲಿಟ್ಟು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಲೋಟ ಖಾಲಿ. ಅತ್ತೆ ಅದನ್ನು ಎಮ್ಮೆಯ ಕಲಗಚ್ಚಿಗೆ ಸುರಿಯುತ್ತಾರೆಂದು ಶ್ವೇತಳ ಹೊಟ್ಟೆ ಉರಿಯುತ್ತಿತ್ತು. ತಾಂಡ್ಯದ ಫ್ಯಾಕ್ಟರಿಯಿಂದ ಬಂದ ಗಂಡನಿಗೆ ಹೇಳಿದರೆ, "ನೀವ್ನೀವೇ ನೋಡ್ಕಳಿ" ಎಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

ಹಾಗಾಗಿ ಅವಳೇ ನೋಡಿಕೊಂಡಳು. ತವರಿನಿಂದ ತಂದಿದ್ದ ಟೇಪ್ ರೆಕಾರ್ಡರನ್ನು ಅಡುಗೆಮನೆಯ ಗೂಡಿನಲ್ಲಿ ರಾಗಿ ಹಿಟ್ಟಿನ ಡಬ್ಬದ ಹಿಂದಿಟ್ಟು, ಮೇಲೊಂದು ಚೌಕ ಹೊದಿಸಿ, ಕೆಂಪು ಗುಂಡಿ ಒತ್ತಿ, ಮಂಗಳಗೌರಿಯನ್ನು ಸೊಪ್ಪು ಬಿಡಿಸಲು ಕರೆದಳು.

ಮರುದಿನವೇ ತವರಿನ ನೆಪ ಹೇಳಿ ತಿ. ನರಸೀಪುರದ ಬಸ್ಸು ಹತ್ತಿದಳು. ಅಣ್ಣ ಮದನ್ ಅಲ್ಲಿ ವಕೀಲ. ಕ್ಯಾಸೆಟ್ ಕೊಟ್ಟು ಕೇಳಿದಳು: "ಅಕ್ಕಂಗೆ ಗೊತ್ತಿಲ್ದೆ ಹಿಡ್ಕೊಂಡಿದೀನಿ. ಕಾನೂನಿಗೆ ತಪ್ಪಾ ಅಣ್ಣ?"

"ಮೊದ್ಲು ಕೇಳೋಣ ತಾಳು," ಎಂದ ಮದನ್.

ಮಂಗಳಗೌರಿಯ ದನಿ ಬಂತು. "ಮನೆ ನೋಡಿವ್ನಿ ಕಣೆ. ನಲ್ಲಿ ಒಳಗೇ ಅದೆ. ನನ್ನೆಸ್ರು ಏಳಿದ್ರೆ ಅತ್ತೆ ನಮ್ಮಪ್ಪನ ಮನೆ ಗಂಟ ಓಯ್ತಾರೆ. ನೀನು ಚಿಕ್ಕೋಳು, ನಿನ್ ಮೇಲಿನ ಕ್ವಾಪ ಬೇಗ ಇಳೀತದೆ ಅಂತ ಅಂಗಂದೆ."

"ಕೇಳಿದ್ಯಾ?" ಶ್ವೇತಳ ಮುಖ ಅರಳಿತು.

ಟೇಪು ನಿಲ್ಲಲಿಲ್ಲ. ಈಗ ಬಂದದ್ದು ಅವಳದೇ ದನಿ, ಇನ್ನೂ ಗಟ್ಟಿಯಾಗಿ: "ಅತ್ತೆ ನಾಲಿಗೆಗೆ ಕಾಫಿ ಯಾಕಕ್ಕ, ಬೇವಿನ ಕಷಾಯ ಸಾಕು." ಆಮೇಲೆ ಒಂದು ನಗು. ಅದೂ ಅವಳದೇ.

"ಅಕ್ಕನ ಬಾಯಿ ಬಿಡ್ಸೋಕೆ ಹಂಗಂದೆ," ಎಂದಳು ಶ್ವೇತ.

"ನಗುನೂ ಬಾಯಿ ಬಿಡ್ಸೋಕೇನಾ?" ಮದನ್ ಕನ್ನಡಕ ಒರೆಸಿಕೊಂಡ. "ನೋಡವ್ವ, ನೀನೂ ಕೂತು ಆಡಿದ ಮಾತನ್ನ ನೀನೇ ಹಿಡ್ಕೊಂಡ್ರೆ ತಪ್ಪು ಅನ್ನೋ ನೇರ ಸೆಕ್ಷನ್ ನಂಗೆ ಗೊತ್ತಿಲ್ಲ. ಆದ್ರೆ ಸಾಕ್ಷಿ ಅಂತ ಕೊಟ್ರೆ ಪೂರ್ತಿ ಟೇಪ್ ಕೊಡ್ಬೇಕು. ಬೇಕಾದ್ದು ಇಟ್ಕೊಂಡು ಬೇಡದ್ದು ಅಳಿಸೋ ಹಂಗಿಲ್ಲ."

"ನಮ್ಮತ್ತೆ ಏನು ಜಡ್ಜಾ?"

"ಜಡ್ಜಾಗಿದ್ರೆ ಪರವಾಗಿರ್ಲಿಲ್ಲ, ಎಷ್ಟೋ ಕರುಣೆ ಇರೋದು."

ಟೇಪು ಓಡುತ್ತಲೇ ಇತ್ತು. ಸೊಸೆಯರಿಬ್ಬರೂ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದದ್ದು ಕೇಳಿಸಿತು. ನಿಲ್ಲಿಸಬೇಕೆಂದು ಮದನ್ ಕೈ ಚಾಚಿದ. ಅಷ್ಟರಲ್ಲಿ ಬಳೆಯ ಸದ್ದು, ತಟ್ಟೆ ಸರಿಸಿದ ಸದ್ದು, ಆಮೇಲೆ ನಿಧಾನವಾಗಿ, ಸುಖವಾಗಿ, ಸೊರ್ ಎಂದು ಕಾಫಿ ಹೀರಿದ ಸದ್ದು.

"ಬ್ಯಾರೆ ಓಯ್ತಾಳಂತೆ ಬ್ಯಾರೆ," ಎಂದಿತು ಅತ್ತೆಯ ದನಿ, ಯಾರಿಗೂ ಅಲ್ಲದೆ. "ಓಗ್ಲಿ. ಇಂಗೆ ಕಾಪಿ ಕಾಸೋರು ಆಮೇಲೆ ಯಾರವ್ರೆ ನಂಗೆ." ಮತ್ತೆ ಒಂದು ಗುಟುಕು. ಲೋಟವನ್ನು ಸದ್ದಾಗದಂತೆ ಇಟ್ಟ ಸದ್ದು.

ಮದನ್ ಟೇಪು ನಿಲ್ಲಿಸಿದ.

"ಇಲ್ಲಿ ನೀನಿಲ್ಲ, ಮಂಗಳಗೌರೀನೂ ಇಲ್ಲ," ಎಂದ ಮದನ್ ಮೆಲ್ಲಗೆ. "ಒಬ್ಳೇ ಇದೀನಿ ಅಂತ ನಂಬಿ ಆಡಿದ ಮಾತು. ಇದು ಮಾತ್ರ ಕಳ್ಳತನ ಕಣವ್ವ. ಅವ್ರು ನನ್ ಹತ್ರ ಬಂದ್ರೆ ನಿನ್ ಮೇಲೆ ನಾನೇ ವಕಾಲತ್ತು ಹಾಕ್ತೀನಿ."

"ಅಳಿಸಿಬಿಡಣ್ಣ."

"ವಾರಗಿತ್ತಿ ಮಾತು?"

"ಎಲ್ಲಾನೂ."

ವಾಪಸು ಬಸ್ಸಿನಲ್ಲಿ ಕೇಳಬಾರದ್ದನ್ನು ಕೇಳಿದ ನಾಚಿಕೆಯೂ, ಕೇಳದಿದ್ದರೆ ಎಂದೂ ತಿಳಿಯುತ್ತಿರಲಿಲ್ಲವಲ್ಲ ಎಂಬ ಸಂತೋಷವೂ ಅವಳ ಪಕ್ಕದಲ್ಲೇ ಒತ್ತಿಕೊಂಡು ಕುಳಿತಿದ್ದವು. ಎಮ್ಮೆಯ ಮೇಲಿನ ಹೊಟ್ಟೆಕಿಚ್ಚಂತೂ ಬಿಳಿಗೆರೆ ಬರುವಷ್ಟರಲ್ಲಿ ಇಳಿದಿತ್ತು.

ಸಂಜೆ ಕಾಫಿ ಸೋಸಿ, ಲೋಟವನ್ನು ಒಲೆಯ ಪಕ್ಕದಲ್ಲಿಟ್ಟು ತಟ್ಟೆ ಮುಚ್ಚಿದಳು. ಟೇಪ್ ರೆಕಾರ್ಡರನ್ನು ನಡುಮನೆಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಮಂಗಳಗೌರಿಯ ಎದುರು ಅವರೆಕಾಯಿ ಬಿಡಿಸಲು ಕುಳಿತಳು. ಅಡುಗೆಮನೆಯಲ್ಲಿ ಬಳೆಯ ಸದ್ದಾಗುವವರೆಗೂ ಕಾದಳು. ಆಮೇಲೆ ಕೊಂಚ ಗಟ್ಟಿಯಾಗಿಯೇ ಅಂದಳು:

"ನಲ್ಲಿ ಒಳಗೇ ಇದ್ರೆ ನೀವು ಹೋಗಿ ಅಕ್ಕ, ಬೇಡ ಅನ್ನಲ್ಲ. ನಾನಂತೂ ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ."

ಮಂಗಳಗೌರಿಯ ಕೈಯಿಂದ ಅವರೆಕಾಯಿ ಜಾರಿತು. ಒಳಗೆ ಗುಟುಕಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಈ ಸಲ ಯಾವ ಮುಚ್ಚುಮರೆಯೂ ಇಲ್ಲದೆ.

"ಸಕ್ರೆ ಕಮ್ಮಿ ಅದೆ ಕಣವ್ವ ಇವತ್ತು," ಎಂದರು ಅತ್ತೆ ಒಳಗಿನಿಂದಲೇ. "ನಾಳೀಕೆ ಸ್ವಲ್ಪ ಜಾಸ್ತಿ ಆಕು."