ತಿಳಿನೀರು ಕುಡಿದ ಕುರಿ

ಬಂಡೂರಿನ ಸಿದ್ದರಾಮುವಿಗೆ ತಲೆಬುಡ ಗೊತ್ತಾಗುತ್ತಿಲ್ಲ. ಮಧ್ಯಾಹ್ನ ಚೆನ್ನಾಗಿದ್ದ ಎರಡು ಕುರಿಗಳಲ್ಲಿ ಒಂದು, ನೀರು ಕುಡಿದು ಗಂಟೆ ಕಳೆಯುವುದರೊಳಗೆ ಹೊಟ್ಟೆ ಉಬ್ಬಿ ಸತ್ತಿದೆ. ಇನ್ನೊಂದು, ಮರಿ ಹಾಕಿ ಹದಿನೈದು ದಿನವೂ ಆಗದ ತಾಯಿಕುರಿ, ನೊರೆ ಸುರಿಸುತ್ತ ನಡುಗುತ್ತಿದೆ.

“ಆವು ಕಚ್ಚಿರ್ಬೇಕು,” ಎಂದ. “ಅಲ್ಲ, ಉಲ್ಲಲ್ಲೇ ಏನೋ ಐತೆ.” ಆಮೇಲೆ, “ಯಾರ್ದೋ ಕಣ್ಣು ಬಿದ್ದೈತೆ ಕಣಮ್ಮಿ.”

“ಮೊದ್ಲು ಒಂದ್ ಮಾತು ನೆಟ್ಗೆ ಯೋಳು!” ಎಂದು ರೇಗಿದ ಹೆಂಡತಿ ಪಟ್ಟಲಮ್ಮ ತಾನೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ದನಕುರಿಗಳ ಆರೈಕೆಯ ತರಬೇತಿ ಪಡೆದಿದ್ದ ಪಕ್ಕದ ಬೀದಿಯ ಪಶುಸಖಿ ಸುನಿತಾಳನ್ನೂ ಕೂಗಿದಳು.

ಸುನಿತಾ ಬಂದವಳೇ ಕುರಿಗಳು ನೀರು ಕುಡಿಯುವ ಬಾನಿಯೊಳಗೆ ಇಣುಕಿದಳು. “ಈ ನೀರು ಎಲ್ಲಿಂದು?”

“ಡ್ರಮ್ಮಿಂದು. ಬೆಳಿಗ್ಗೆ ಯೂರಿಯಾ ಕರಗ್ಸಿ ಬತ್ತಕ್ಕೆ ಒಡ್ದಿದ್ದೆ. ಅರ್ಧ ಬಕೀಟು ಮಿಕ್ತು. ದಂಡ ಯಾಕೆ ಅಂತ ಬಾನಿಗೆ ಉಯ್ದೆ,” ಎಂದ ಸಿದ್ದರಾಮು.

“ಅಯ್ಯೋ, ಯೂರಿಯಾ ನೀರಾ!”

“ಯೂರಿಯಾ ಎಲ್ಲೈತೆ? ತಳದಲ್ಲಿ ಕೈಯಾಡ್ಸಿ ನೋಡ್ದೆ, ಒಂದು ಕಾಳೂ ಇರ್ನಿಲ್ಲ. ಬರೀ ತಿಳಿನೀರು ಕಣವ್ವ.”

“ಸಾರಿಗೆ ಆಕಿದ ಉಪ್ಪು ಕಣ್ಣಿಗೆ ಕಾಣ್ತದಾ?”

“ಅದು ಉಪ್ಪು. ಇದು ಗೊಬ್ರ.” ಸಿದ್ದರಾಮು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ.

ಸುನಿತಾ ಚೊಂಬಿನ ನೀರಿಗೆ ಒಂದು ಹಿಡಿ ಯೂರಿಯಾ ಹಾಕಿ ಕಲಕಿದಳು. ಕಾಳು ಮಾಯ. ಇನ್ನೊಂದು ಹಿಡಿ ಹಾಕಿದಳು. ಅದೂ ಮಾಯ. “ಈಗ ಚೊಂಬು ಮುಟ್ಟಿ.”

ಮುಟ್ಟಿದರೆ ಮಡಕೆಯ ನೀರಿನಷ್ಟು ತಣ್ಣಗಿದೆ! ಸಿದ್ದರಾಮು ಕಕ್ಕಾಬಿಕ್ಕಿಯಾದ.

“ಯೂರಿಯಾ ಕರಗ್ವಾಗ ನೀರು ತಣ್ಣಗಾಯ್ತದೆ. ಬೆಚ್ಚಗಿನ ನೀರಾದ್ರೆ ಇನ್ನೂ ಬೇಗ, ಇನ್ನೂ ಜಾಸ್ತಿ ಕರಗ್ತದೆ. ಬಣ್ಣ ಬರಾಕಿಲ್ಲ. ಕರಗಿದ್ದು ಎಲ್ಲೂ ಓಗಿಲ್ಲ ಕಣಣ್ಣ, ನೀರೊಳಗೇ ಐತೆ. ಕುರಿ ಒಟ್ಟೆಗೆ ಅದೇ ಇಸ.”

ಸಿದ್ದರಾಮು ತಾಯಿಕುರಿಯ ಪಕ್ಕ ಕೂತು ಅದರ ಬಾಯಿಯ ನೊರೆ ಒರೆಸಿದ. “ಬಿಸ್ಲು ಅಂತ ನಾನೇ ಕರ್ದು ಕುಡಿಸ್ದೆ...”

ಅಷ್ಟರಲ್ಲಿ 1962ರ ವ್ಯಾನು ಬಂತು. ಡಾಕ್ಟರು ವಿಷ ತಗ್ಗಲೆಂದು ತಣ್ಣೀರಿಗೆ ವಿನಿಗರ್ ಬೆರೆಸಿ ಕುಡಿಸಿದರು. ಸಂಜೆಗೆ ತಾಯಿಕುರಿ ಎದ್ದು ನಿಂತಿತು. ಮರಿ ಓಡಿಬಂದು ಅದಕ್ಕೆ ಅಂಟಿಕೊಂಡಿತು. ಸಿದ್ದರಾಮು ಬೀದಿಯವರ ಮುಂದೆಯೇ ಅತ್ತುಬಿಟ್ಟ. ಆಮೇಲೆ ಬಾನಿಯ ನೀರನ್ನು ಗದ್ದೆಗೆ ಹೊತ್ತೊಯ್ದು ಸುರಿದ.

ಅಕ್ಕಾ, ಅಣ್ಣಾ, ಇದನ್ನು ಓದಿದ ಕೂಡಲೇ ನಿಮ್ಮ ಕೊಟ್ಟಿಗೆಗೆ ಹೋಗಿ ನೋಡಿ. ಗೊಬ್ಬರ ಕಲಸುವ ಡ್ರಮ್ಮು ಅಲ್ಲಿದ್ದರೆ ದೂರ ಇಡಿ. ಮಿಕ್ಕ ಗೊಬ್ಬರದ ನೀರನ್ನು ಬೆಳೆಗೇ ಹಾಕಿ. ಕುರಿ ಹೊಟ್ಟೆಯುಬ್ಬಿ ನಡುಗಿದರೆ ಹಾವು, ಕಣ್ಣು ಎಂದು ಹೊತ್ತು ಕಳೆಯದೆ 1962ಕ್ಕೆ ಫೋನ್ ಮಾಡಿ. ನೀರಿನಲ್ಲಿ ಏನು ಕರಗಿದೆಯೆಂದು ಕುರಿಗೆ ಗೊತ್ತಾಗುವುದಿಲ್ಲ. ನೀವು ಕೊಟ್ಟಿದ್ದೀರಿ ಎಂದೇ ಅದು ಕುಡಿಯುತ್ತದೆ.