ಹೊಳೆ ಇಳಿಯಿತು, ಮಗಳ ಭಯ ಇಳಿಯಲಿಲ್ಲ

ತುಂಗಭದ್ರೆಯ ನೀರು ಊರಿಗೆ ನುಗ್ಗಿ ಮೂರು ತಿಂಗಳಾಗಿತ್ತು. ಹೊನ್ನಾಳಿ ತಾಲ್ಲೂಕಿನ ಆ ಹೊಳೆದಂಡೆಯ ಊರಿನಲ್ಲಿ ಬಿದ್ದ ಗೋಡೆಗಳು ಮತ್ತೆ ಎದ್ದಿದ್ದವು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡಿದ್ದ ನಿಂಗರಾಜ್. ಆದರೆ ಅವನ ಎಂಟು ವರ್ಷದ ಮಗಳು ಕಾವ್ಯಶ್ರೀ ಸರಿಹೋಗಿರಲಿಲ್ಲ.

ಮೋಡ ಕವಿದರೆ ಸಾಕು, ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಶಾಲೆಗೆ ಹೊರಡು ಎಂದರೆ ಹೊಟ್ಟೆನೋವು. ಒಂದು ಬೆಳಿಗ್ಗೆ ಹಾಸಿಗೆ ಕೊಡವುವಾಗ ತಾಯಿ ಪವಿತ್ರಳಿಗೆ ಬಟ್ಟೆಯಲ್ಲಿ ಕಟ್ಟಿಟ್ಟ ರೊಟ್ಟಿ ಸಿಕ್ಕಿತು. ಬೂಷ್ಟು ಹಿಡಿದಿತ್ತು.

"ತಿನ್ನಾಕೆ ಕೊಟ್ಟಿದ್ದನ್ನ ಬಚ್ಚಿಡ್ತೀಯೇನೆ?" ಎಂದು ನಿಂಗರಾಜ್ ಕೈ ಎತ್ತಿದ. ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಗಂಗೋತ್ರಿ ಒಳಗೆ ಬಂದರು.

"ಹೊಡೀಬ್ಯಾಡ್ರಿ ನಿಂಗರಾಜಣ್ಣ."

"ಇದೆಲ್ಲಾ ನಾಟಕ ಕಣಮ್ಮ. ಮನೇಲಿ ಹೊಳೆ ಸುದ್ದೀನೇ ಎತ್ತಬಾರ್ದು ಅಂತ ಹೇಳಿಟ್ಟೀನಿ. ಆದ್ರೂ ಇವಳು ಮರೆಯಂಗಿಲ್ಲ."

"ನೀವು ಮರ್ತಿದ್ದೀರಾ?"

ನಿಂಗರಾಜ್ ಎತ್ತಿದ ಕೈ ಇಳಿಸಿದ. ಎದೆಮಟ್ಟದ ನೀರಿನಲ್ಲಿ ಮಗಳನ್ನು ಹೆಗಲ ಮೇಲೆ ಹೊತ್ತು ನಡೆದದ್ದು ನೆನಪಾಯಿತು.

"ದೊಡ್ಡೋರು ಬಾಯಿ ಮುಚ್ಕೊಂಡ್ರೆ ಮಕ್ಳು ತಮ್ಮಷ್ಟಕ್ಕೆ ಏನೇನೋ ಅಂದ್ಕೊಂತಾವೆ ಅಣ್ಣ. ಬಲವಂತ ಬ್ಯಾಡ. ಸುಮ್ನೆ ಪಕ್ಕದಾಗೆ ಕೂತ್ಕಳ್ರಿ. ಕೇಳಿದ್ದಕ್ಕೆ ನಿಜ ಹೇಳ್ರಿ."

ನಿಂಗರಾಜನಿಗೆ ನಂಬಿಕೆ ಬರಲಿಲ್ಲ. ಆದರೂ ಸಂಜೆ ಜಗಲಿಯಲ್ಲಿ ಮಗಳ ಪಕ್ಕ ಕುಳಿತ.

"ರೊಟ್ಟಿ ಯಾರಿಗವ್ವಾ?"

ಅವಳು ಕಾಲುಬೆರಳು ನೋಡುತ್ತಲೇ ಹೇಳಿದಳು: "ನೀರು ಬಂದ್ರೆ ಅಜ್ಜಿಗೆ. ಅವತ್ತು ಅಜ್ಜಿ ಹಸ್ಕೊಂಡಿತ್ತು." ಆಮೇಲೆ ಇನ್ನೂ ಮೆಲ್ಲಗೆ ಕೇಳಿದಳು: "ಅಪ್ಪಾ, ನಮ್ಮ ಆಡಿನಮರಿ ನೀರಾಗೆ ಸತ್ತಿದ್ದು ನನ್ನಿಂದಾನಾ? ಹಗ್ಗ ಕಟ್ಟಿದ್ದು ನಾನಲ್ವಾ?"

ನಿಂಗರಾಜ್ ಅವಳನ್ನು ಹತ್ತಿರಕ್ಕೆ ಎಳೆದುಕೊಂಡ. "ಇಲ್ಲ ಮಗಾ. ನೀನು ದಿನಾ ಕಟ್ಟಂಗೇ ಕಟ್ಟಿದ್ದೆ. ನೀರು ಅಷ್ಟು ಬರ್ತೈತೆ ಅಂತ ನಮಗೇ ಗೊತ್ತಿರ್ಲಿಲ್ಲ. ನಿಂದೇನೂ ತಪ್ಪಿಲ್ಲ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅಳಬೇಡ ಎಂದು ಅವನು ಹೇಳಲಿಲ್ಲ, ಬೆನ್ನು ಸವರುತ್ತಾ ಕುಳಿತ.

"ಮತ್ತೆ ನೀರು ಬರ್ತೈತಾ?"

ಇಲ್ಲ ಎನ್ನಲು ಬಾಯಿ ತೆರೆದವನು ತಡೆದುಕೊಂಡ. "ಬಂದ್ರೂ ಬರಬೌದು. ಬಂದ್ರೆ ಎಲ್ಲಿಗೆ ಹೋಗೋದು ಅಂತ ನಾಳೆ ತೋರಿಸ್ತೀನಿ."

ಮರುದಿನ ಮನೆಯವರೆಲ್ಲ ದಿಬ್ಬದ ಮೇಲಿನ ಸಮುದಾಯ ಭವನದವರೆಗೆ ನಡೆದರು. ದನ ಯಾರು ಬಿಚ್ಚಬೇಕು, ಅಜ್ಜಿಯ ಕೈ ಯಾರು ಹಿಡಿಯಬೇಕು ಎಂದು ಮಾತಾಡಿಕೊಂಡರು. "ಅಜ್ಜೀನ ನಾನು ಹಿಡ್ಕೊಂತೀನಿ," ಎಂದಳು ಕಾವ್ಯಶ್ರೀ.

ಒಂದೇ ದಿನಕ್ಕೆ ಭಯ ಹೋಗಲಿಲ್ಲ. ಹಾಸಿಗೆ ಒದ್ದೆಯಾದರೆ ಪವಿತ್ರ ಬೈಯದೆ ಒಣಹಾಕಿದಳು. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ನಡೆದವು. ಮೊದಮೊದಲು ಅಪ್ಪನೇ ಶಾಲೆಯ ಬಾಗಿಲಿನವರೆಗೆ ಹೋಗಿ ಬಂದ. "ಇಷ್ಟಕ್ಕೂ ಕಡಿಮೆ ಆಗದಿದ್ರೆ ತಾಲ್ಲೂಕು ಆಸ್ಪತ್ರೇಲಿ ತೋರಿಸೋಣ. ನಾಚ್ಕೆ ಪಡೋದೇನಿಲ್ಲ," ಎಂದಿದ್ದರು ಗಂಗೋತ್ರಿ.

ಸಂಕ್ರಾಂತಿ ಹೊತ್ತಿಗೆ ಕಾವ್ಯಶ್ರೀ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಾ, ತಾನು ಗೆರೆ ತುಳಿದಿಲ್ಲ ಎಂದು ಗೆಳತಿಯ ಮೇಲೆ ಕೂಗಾಡುತ್ತಿದ್ದಳು. "ಜಗಳಾಡ್ತಾಳೆ ನೋಡ್ರಿ ಗಂಗೋತ್ರಮ್ಮ!" ಎಂದು ನಿಂಗರಾಜ್ ಬಾಯ್ತುಂಬ ನಕ್ಕ.

ಅಣ್ಣಂದಿರೇ, ಅಕ್ಕಂದಿರೇ, ನೆರೆ ಇಳಿದು ತಿಂಗಳುಗಳಾದರೂ ನಿಮ್ಮ ಮಗು ಬೆಚ್ಚುತ್ತಿದೆಯೇ? ಮಂಕಾಗಿದೆಯೇ? ಗದರಬೇಡಿ. ಪಕ್ಕ ಕುಳಿತು ಕೇಳಿ, ನಿಜ ಹೇಳಿ, ಆಡಲು ಬಿಡಿ. ಭಯ ಕಡಿಮೆಯಾಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಗೋಡೆ ಕಟ್ಟುವಾಗ ತೋರಿದ ಕಾಳಜಿಯನ್ನು ಮಗುವಿಗೂ ತೋರಿ.