ಬಿಸ್ಕತ್ತಿನ ಡಬ್ಬಿಯ ಪದಗಳು

ಒದ್ದೆ ಇನ್ನೂ ಆರಿಲ್ಲ, ಚೀಟಿಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಗುಂಡಗೆ, ಎಸಿಯ ಗಾಳಿ ನೇರ ಮೇಜಿಗೇ ಬೀಳುತ್ತಿದ್ದರೂ ಆರಿಲ್ಲ, ಮುಟ್ಟದೆ ಉಗುರ ತುದಿಯಿಂದ ಸರಿಸುತ್ತೇನೆ, ಸರ್ ಈಗಷ್ಟೇ ಎದ್ದುಹೋದರು, ಬೆರಳು ನೆಕ್ಕಿ ಹೆಂಡತಿಯ ಚೀಟಿಗಳನ್ನು ನೋಡುವ ಹಾಗೆ ನಟಿಸಿ, ಅದೇ ಬೆರಳನ್ನು ನನ್ನ ಕತ್ತಿನ ಹಿಂದೆ, ಕೂದಲು ಶುರುವಾಗುವಲ್ಲಿ ಇಟ್ಟು — ಇದು ಮೂರನೆಯ ಸಲ, ಪ್ರತಿ ಸಲವೂ ಸಾಬೂನು ಹಾಕಿ ತಿಕ್ಕುತ್ತೇನೆ, ಹೋಗುವುದಿಲ್ಲ, ಕುರಿಮಾಂಸ ಬೇಯಿಸಿದ ನೀರಿನ ವಾಸನೆ ಆ ಉಗುಳಿಗೆ, ಸೌಲೆ ಮೇಡಂಗೆ ಹೇಗೆ ಹೇಳುವುದು, ಅವರಿಗೆ ಈ ಚೀಟಿಗಳೇ ಪ್ರಪಂಚ, ಅವರ ಕಜಾಕ್ ದೇಶ ರಷ್ಯದಿಂದ ಬೇರೆಯಾಗಿ ಐದು ವರ್ಷವಂತೆ, ಗಂಡನಿಗೆ ಇಲ್ಲಿ ಗಲ್ಫಿನಲ್ಲಿ ಗ್ಯಾಸ್ ಕಂಪನಿಯ ಕೆಲಸ, ಹೆಂಡತಿಯ ಜೊತೆ ಬಂದದ್ದು ಎರಡು ಸೂಟ್‌ಕೇಸ್ ಕಾಗದ, ಒಂದು ಪದ ಕೇಳಿದ ಕೂಡಲೇ ಅವರ ಊರಿನ ಕಾಲೇಜು ಮಕ್ಕಳ ತಲೆಗೆ ಬಂದ ಇನ್ನೊಂದು ಪದ, ಅವನ್ನೆಲ್ಲ ಸೇರಿಸಿ ನಿಘಂಟು ಮಾಡುತ್ತಾರೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಅಕ್ಷರ ಬಾರದು, ಆಕಾರ ನೋಡಿ ಒಂದೇ ಥರದ್ದನ್ನು ಒಂದೇ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ, ನಿನ್ನ ಕಣ್ಣು ತಪ್ಪುವುದಿಲ್ಲ ರೆಜಿನಾ, ಮೇಡಂ ಹೊಗಳುತ್ತಾರೆ, ಒಂದು ಚೀಟಿಯನ್ನೂ ಬಿಸಾಡಬೇಡ, ಕೊಳಕು ಮಾತು ಬರೆದಿದ್ದರೂ ಇರಲಿ, ಮೊದಲು ಬಂದ ಮಾತು ಸುಳ್ಳು ಹೇಳುವುದಿಲ್ಲ, ಏನೂ ಹೊಳೆಯದವರಿಗೆ ಮಾತ್ರ ಉತ್ತರದ ಜಾಗದಲ್ಲಿ ಅಡ್ಡಗೆರೆ. ಈ ಮನೆಯ ಕೆಲಸಕ್ಕೆ ನನ್ನನ್ನು ಸೇರಿಸಿದ ಪೂವಕ್ಕನಿಗೆ ಫೋನಿನಲ್ಲಿ ಹೇಳಿದ್ದೆ, ಓಲ್ಡ್ ಏರ್‌ಪೋರ್ಟ್ ಏರಿಯಾದ ತನ್ನ ರೂಮಿನಲ್ಲಿ ಕೂತು ಏನೋ ಜಗಿಯುತ್ತಾ ನಕ್ಕಳು, ಒಂದು ಬೆರಳಲ್ವಾ ಮಾರಾಯ್ತಿ, ನೀನೆಂತ ಮೇಣದ ಗೊಂಬೆಯಾ ಕರಗ್ಲಿಕ್ಕೆ, ಪಾಸ್‌ಪೋರ್ಟ್ ಅವರ ಕಪಾಟಲ್ಲಿ ಉಂಟು, ಬಾಯಿ ಬಿಟ್ಟರೆ ಖಲಾಸ್, ಜಡೆ ಬಿಚ್ಚಿ ಬಿಟ್ಕೋ, ಕುತ್ತಿಗೆ ಕಾಣ್ಲಿಕ್ಕಿಲ್ಲ — ಬಿಚ್ಚಿ ಬಿಟ್ಟೆ, ಇವತ್ತು ಸರ್ ಕೂದಲು ಸರಿಸಿ ಬೆರಳು ಇಟ್ಟರು.

ಬಾಗಿಲ ಸದ್ದು, ಮೇಡಂ, ಕೈಯಲ್ಲಿ ಹಾಲು ಹಾಕಿದ ಚಹಾ, ಹೊಸ ಪಟ್ಟಿ, ಬಾ, ಮೊದಲು ನಿನ್ನ ಮೇಲೆ ನೋಡೋಣ, ಯೋಚಿಸಬೇಡ, ಬಂದದ್ದನ್ನು ಹೇಳು, ಎದುರಿಗೆ ಕೂರುತ್ತಾರೆ, ಹೇಳಲಾಗದ್ದನ್ನು ಈ ಆಟದಲ್ಲಿ ಹೇಳಬಹುದಲ್ಲ, ನಾನು ಹೇಳಿದಂತಾಗುವುದಿಲ್ಲ, ಅದೇ ಬಂತು ಅಂದರಾಯಿತು, ನಂಬುತ್ತಾರೆ, ಅವರ ನಿಘಂಟೇ ಆ ನಂಬಿಕೆಯ ಮೇಲೆ ನಿಂತಿದೆ, ಅವರು ನೀರು ಅಂದರೆ ನಾನು ಬಾಲ್ದಿ, ಕುದುರೆ — ಸರ್ಕಸ್, ಅಮ್ಮ — ಬೀಡಿ, ಅದೇಕೆ ಬೀಡಿ, ಕಟ್ಟುತ್ತಾಳೆ ಮೇಡಂ, ನಗುತ್ತಾರೆ, ಬರೆಯುತ್ತಾರೆ, ಗಂಡಸು — ಉಗುಳು, ಅಂದೆ, ನನ್ನ ಕೈ ತಾನಾಗಿ ಕತ್ತಿನ ಹಿಂದೆ ಹೋಯಿತು, ಪೆನ್ನು ನಿಂತಿತು, ಮೇಡಂ ನನ್ನ ಕೈ ನೋಡಿದರು, ಆಮೇಲೆ ಮೇಜಿನ ಮೇಲಿನ ಆ ಚೀಟಿ, ಆಮೇಲೆ ಬಾಗಿಲು, ಗೊತ್ತು, ಇವರಿಗೆ ಗೊತ್ತು, ಈಗಲ್ಲ, ನಾನು ಬರುವುದಕ್ಕೂ ಮೊದಲಿಂದ ಗೊತ್ತು, ನನಗಿಂತ ಹಿಂದೆ ಈ ಕುರ್ಚಿಯಲ್ಲಿ ಕೂತವಳು ಯಾರಿರಬಹುದು, ನಿನಗೆ ಏನೂ ಹೊಳೆಯಲಿಲ್ಲ ಅಲ್ಲವೇ ರೆಜಿನಾ, ಮೆತ್ತಗೆ ಕೇಳುತ್ತಾರೆ, ಉತ್ತರಕ್ಕೆ ಕಾಯದೆ ಅಡ್ಡಗೆರೆ ಎಳೆಯುತ್ತಾರೆ, ಸ್ಕೇಲು ಇಟ್ಟ ಹಾಗೆ ನೆಟ್ಟಗೆ, ಯಾರ ಕೊಳಕು ಮಾತನ್ನೂ ಬಿಡದವರು, ಚಹಾ ಗಂಟಲಿಗೆ ಬರುತ್ತದೆ, ನಾನು ಕುಡಿದೇ ಇಲ್ಲ, ಆದರೂ ಬರುತ್ತದೆ, ಮುಂದಿನ ಪದ, ಅನ್ನುತ್ತಾರೆ, ಹಾಳೆ ತಿರುಗಿಸಲು ಹೆಬ್ಬೆರಳು ನಾಲಿಗೆಗೆ ತಾಗಿಸುತ್ತಾರೆ, ಗಂಡನ ಹಾಗೆಯೇ, ಒಂದೇ ಸಲ, ಅಗಲಕ್ಕೆ, ಹಾಳೆಯ ಮೂಲೆಯಲ್ಲಿ ಗುಂಡಗೆ ಒದ್ದೆ, ಹೆಬ್ಬೆರಳಿನಷ್ಟು, ಒದ್ದೆ